ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು

ಹುಬ್ಬಳ್ಳಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ದಾಂಡೇಲಿ ಬಸ್ ನಿಲ್ದಾಣದಲ್ಲಿ ಇಳಿದಾಗ ನಾನು ಮೊದಲಿನ ಬಡಿಗೇರನಾಗಿರಲಿಲ್ಲ. ಕೈಯಲ್ಲಿ ನೀಲಿ ಫೈಲು, ಜೇಬಿನಲ್ಲಿ ಪ್ರಮಾಣಪತ್ರ. ಇನ್ನು ಮುಂದೆ ಸಮಯ ನನ್ನ ಮಾತು ಕೇಳುತ್ತದೆ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ. ಆಫೀಸಿನಲ್ಲಿ ಹನ್ನೊಂದು ಜನ, ಆರು ಕಂಪ್ಯೂಟರ್. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಮುಂಬೈಯ ಹೆಡ್ ಆಫೀಸಿನವರು ಎಲ್ಲ ಕಂಪ್ಯೂಟರಿಗೂ ಒಂದು ಹೊಸ ಪ್ರೋಗ್ರಾಮ್ ಹಾಕಿಸಿದರು. ಇ-ಮೇಲ್ ಅದರಲ್ಲೇ, ಕ್ಯಾಲೆಂಡರ್ ಅದರಲ್ಲೇ, ಮಾಡಬೇಕಾದ ಕೆಲಸಗಳ ಪಟ್ಟಿಯೂ ಅದರಲ್ಲೇ. ಹೊತ್ತಾದರೆ ಟಿಣ್ ಎಂದು ಗಂಟೆ ಬಾರಿಸಿ ಅದೇ ನೆನಪು ಮಾಡುತ್ತಿತ್ತು. ಅದನ್ನು ಕಲಿತು ಬಂದು ಉಳಿದವರಿಗೆ ಕಲಿಸಲು ಹೆಡ್ ಕ್ಲಾರ್ಕ್ ಆದ ನನ್ನನ್ನು ಆರಿಸಿದರು. ಬೇರೆ ಯಾರೂ ಹೋಗಲು ಒಪ್ಪಿರಲಿಲ್ಲ ಎಂಬ ಸಂಗತಿ ಆಮೇಲೆ ತಿಳಿಯಿತು.

ನನ್ನ ಜ್ಞಾನದ ಮೊದಲ ಬಲಿ ನನ್ನ ಹೆಂಡತಿ ಶಕುಂತಲಾ. ಮನೆಯ ಕೆಲಸಗಳನ್ನೂ ಆಫೀಸಿನ ಕಂಪ್ಯೂಟರಿಗೆ ಸೇರಿಸಿ, ಪಟ್ಟಿಯನ್ನು ಪ್ರಿಂಟ್ ತೆಗೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಬೆಳಗ್ಗೆ ಆರು ಹತ್ತು: ನಳದ ನೀರು ತುಂಬುವುದು. ರಾತ್ರಿ ಎಂಟು: ಹೆಂಡತಿಯೊಡನೆ ಮಾತು, ಹದಿನೈದು ನಿಮಿಷ.

ಶಕುಂತಲಾ ಓದಿದಳು. "ಹದಿನೈದ್ ನಿಮಿಷದಾಗ ನೀವು ಮಾತಾಡವ್ರೋ, ನಾ ಮಾತಾಡಾಕೀನೋ?"

"ಇಬ್ಬರೂ."

"ಹಂಗಾರ ನನಗ ಏಳೂವರಿ ಬಂತು. ಮತ್ತ ಆರೂ ಹತ್ತಕ್ಕ ನೀರ್ ಬಂದ್ರ ನಿಮ್ಮ ಕಂಪ್ಯೂಟರ್ ಗಂಟಿ ಬಾರಸ್ತೈತಿ ಅಂದ್ರಲ್ಲ, ಅದು ಇರೂದೆಲ್ಲಿ?"

"ಆಫೀಸಿನ್ಯಾಗ."

"ನಳ ಇರೂದೆಲ್ಲಿ?"

ಮಹಾನ್ ಸುಧಾರಕರಿಗೆಲ್ಲ ಮನೆಯಲ್ಲಿಯೇ ಮೊದಲ ವಿರೋಧ!

ಎರಡನೆಯ ಬಲಿ ದೇಸಾಯಿ. ಅವನು ನಮ್ಮ ರವಾನೆ ವಿಭಾಗದ ಗುಮಾಸ್ತ, ನನ್ನ ಹತ್ತೊಂಬತ್ತು ವರ್ಷದ ಗೆಳೆಯ. ಇಬ್ಬರ ಮನೆಯೂ ಅಂಬೇವಾಡಿಯಲ್ಲಿ. ದಿನಾ ನಾನು ಅವನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದು, ಅವನು ಹಿಂದೆ ಕೂರುವುದು. ಅವನ ಹೆಂಡತಿ ಸುಮತಿಯವರಿಗೆ ನಾಲ್ಕೈದು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಹೊರಡುವ ಮುಂಚೆ ಅವನು ಕಡ್ಡಿಪೆಟ್ಟಿಗೆ, ಹಾಲಿನ ಪಾತ್ರೆ, ನೀರಿನ ತಂಬಿಗೆ ಎಲ್ಲವನ್ನೂ ಅವುಗಳ ಜಾಗದಲ್ಲಿ ಇಟ್ಟು, ಅವರ ಕೈಯಿಂದ ಮುಟ್ಟಿಸಿ ತೋರಿಸಿ ಬರುತ್ತಿದ್ದ. ಹೀಗಾಗಿ ದಿನಾ ಎಂಟು ನಿಮಿಷ ತಡ. ನಾನು ಲೆಕ್ಕ ಹಾಕಿದೆ. ವರ್ಷಕ್ಕೆ ನಲವತ್ತು ತಾಸು!

"ದೇಸಾಯಿ, ನಾಳಿಂದ ನಾ ಎಂಟು ಇಪ್ಪತ್ತಕ್ಕ ಬಿಡ್ತೇನಿ. ಕ್ಯಾಲೆಂಡರಿನ್ಯಾಗ ಹಂಗ ಹಾಕೇನಿ."

"ಎಂಟ್ ನಿಮಿಷ ನಿಂತ್ರ ನಿನ್ನ ಕಾಲು ಸೆಟದ ಹೋಗ್ತಾವೇನೋ?"

"ಇದು ಕಾಲಿನ ಪ್ರಶ್ನೆ ಅಲ್ಲ, ಕಾಲದ ಪ್ರಶ್ನೆ!"

ಅವತ್ತು ಆ ಮಾತು ನನಗೆ ಬಹಳ ಚೆನ್ನಾಗಿ ಕೇಳಿಸಿತು. ಬರೆದೂ ಇಟ್ಟುಕೊಂಡೆ. ಮರುದಿನದಿಂದ ದೇಸಾಯಿ ಹಳೆಯ ಸೈಕಲ್ ಒರೆಸಿ ತೆಗೆದ.

ಆಫೀಸಿನಲ್ಲಿ ನಾನು ಮೂರು ನಿಯಮ ಜಾರಿಗೆ ತಂದೆ. ಬಾಯಿಮಾತಿನಲ್ಲಿ ಯಾರೂ ಏನೂ ಹೇಳಬಾರದು, ಮೇಲ್ ಹಾಕಬೇಕು. ಬಂದ ಮೇಲ್‌ಗಳು ತಾವಾಗಿಯೇ ಬೇರೆ ಬೇರೆ ಫೋಲ್ಡರಿಗೆ ಹೋಗಿ ಬೀಳಬೇಕು. ಪ್ರತಿ ಮೇಲ್‌ಗೂ ತಕ್ಷಣ ಉತ್ತರ ಹೋಗಬೇಕು. ನನಗೆ ದಿನಕ್ಕೆ ಬರುತ್ತಿದ್ದುದು ಒಂಬತ್ತು ಮೇಲ್. ಅದರಲ್ಲಿ ಐದು ದೇಸಾಯಿಯದ್ದು! ಒಂದು ದೇವರ ಚಿತ್ರ, ಕೆಳಗೆ 'ಹತ್ತು ಜನರಿಗೆ ಕಳಿಸಿದರೆ ಶುಭವಾರ್ತೆ ಬರುತ್ತದೆ'. ಉಳಿದ ನಾಲ್ಕು ನಗೆಹನಿ. ಹೀಗಾಗಿ ದೇಸಾಯಿಯ ಮೇಲ್ ಬಂದ ಕೂಡಲೇ ಅದು ನನ್ನ ಕಣ್ಣಿಗೂ ಬೀಳದೆ 'ಆಮೇಲೆ' ಎಂಬ ಫೋಲ್ಡರಿಗೆ ಹೋಗುವಂತೆ ಮಾಡಿದೆ. ಜೊತೆಗೆ ಅವನಿಗೆ ನನ್ನ ಹೆಸರಿನಲ್ಲಿ ತಾನಾಗಿಯೇ ಒಂದು ಉತ್ತರ ಹೋಗುತ್ತಿತ್ತು. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: 'ನಿಮ್ಮ ಪತ್ರ ತಲುಪಿದೆ. ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು. ಬಡಿಗೇರ, ಹೆಡ್ ಕ್ಲಾರ್ಕ್.'

ವಾಕ್ಯ ರಚನೆ ನನ್ನದೇ. ಹೆಮ್ಮೆಯಿತ್ತು.

ಇಷ್ಟರಲ್ಲಿ ಒಂದು ಸಣ್ಣ ಅನಾಹುತವಾಯಿತು. ಪ್ರತಿ ಗುರುವಾರ ಹನ್ನೊಂದಕ್ಕೆ ನಮ್ಮ ಮ್ಯಾನೇಜರ್ ಸಭೆ ಕರೆದು ಭಾಷಣ ಮಾಡುತ್ತಿದ್ದರು. ಮೈಸೂರು ಕಡೆಯವರು, ಮಾತಿನಲ್ಲಿ ಧಾರಾಳಿ. ನಾನು ನನ್ನ ಕ್ಯಾಲೆಂಡರಿನಲ್ಲಿ 'ಮ್ಯಾನೇಜರ್ ಭಾಷಣ. ಮೂವತ್ತು ನಿಮಿಷ. ಸಹಿಸುವುದು' ಎಂದು ಬರೆದುಕೊಂಡಿದ್ದೆ. ಕ್ಯಾಲೆಂಡರ್ ನನಗೊಬ್ಬನಿಗೇ ಕಾಣುತ್ತದೆ ಎಂದು ತಿಳಿದಿದ್ದೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ಯಾವುದೋ ಚೌಕದೊಳಗೆ ಗುರುತು ಹಾಕಿದ್ದೆನಲ್ಲ, ಅದರಿಂದ ಅದು ಇಡೀ ಆಫೀಸಿಗೆ ಕಾಣುತ್ತಿತ್ತು!

ಮ್ಯಾನೇಜರ್ ಕರೆಸಿದರು. ಸಿಟ್ಟು ಮಾಡಲಿಲ್ಲ. ಅದೇ ಹೆದರಿಕೆಯ ವಿಷಯ.

"ಬಡಿಗೇರ್, ನಾನು ಮಾತಾಡೋದು ನಲವತ್ತೈದು ನಿಮಿಷ. ನೀವು ಮೂವತ್ತೇ ಹಾಕಿದ್ದೀರಿ. ಉಳಿದ ಹದಿನೈದು ನಿಮಿಷ ಏನು ಮಾಡ್ತೀರಿ?"

"ಅದನ್ನೂ ಸಹಿಸ್ತೇನ್ರೀ ಸರ್" ಎಂದೆ, ಗಾಬರಿಯಲ್ಲಿ.

ಅಂದಿನಿಂದ ಮ್ಯಾನೇಜರ್ ಏನು ಹೇಳಿದರೂ ಹೌದು ಎನ್ನುವುದು ನನ್ನ ನಾಲ್ಕನೆಯ ನಿಯಮವಾಯಿತು.

ಅದಾದ ಮುಂದಿನ ಸೋಮವಾರ ದೇಸಾಯಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತ.

"ಬಡಿಗೇರ, ಒಂದ್ ಮಾತಿತ್ತಲೋ."

"ಮೇಲ್ ಹಾಕು."

"ಬಾಯಿಲೇ ಹೇಳೂವಂಥಾದೈತಿ."

"ಬಾಯಿ ಮಾತಿಗೆ ದಾಖಲೆ ಇರೂದಿಲ್ಲ, ದೇಸಾಯಿ. ನಿನಗೊಂದು ನಿಯಮ, ಊರಿಗೊಂದು ನಿಯಮ ಅಂದ್ರ ಹೆಂಗ?"

ಅವನು ನನ್ನಿಂದ ನಾಲ್ಕು ಮಾರು ಆಚೆ ಇದ್ದ ತನ್ನ ಕುರ್ಚಿಗೆ ಹೋಗಿ ಕೂತು, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಕುಟ್ಟಿದ. ನಾನು ದೂರದಿಂದ ನೋಡಿದೆ. ಕಡೆಗೂ ಕಲಿತನಲ್ಲ ಎಂದು ಖುಷಿಯಾಯಿತು!

ಗುರುವಾರ ಸಭೆಯಲ್ಲಿ ಮ್ಯಾನೇಜರ್, ಸೂಪರ್‌ವೈಸರ್, ಅಕೌಂಟೆಂಟ್ ಮತ್ತು ನಾನು. ನಾಗ್ಪುರದ ಡಿಪೋಕ್ಕೆ ಇಲ್ಲಿಂದ ಒಬ್ಬರನ್ನು ಕಳಿಸಬೇಕೆಂದು ಮುಂಬೈಯಿಂದ ಬರೆದಿದ್ದರು.

"ದೇಸಾಯಿ ಹೋಗ್ಲಿ ಅಂತಿದ್ದೀನಿ" ಎಂದರು ಮ್ಯಾನೇಜರ್. "ಬಡಿಗೇರ್, ಅವರು ನಿಮಗೆ ಚೆನ್ನಾಗಿ ಗೊತ್ತು. ಏನಾದ್ರೂ ಆಕ್ಷೇಪ ಇದೆಯಾ?"

ನನಗೆ ಸುಮತಿಯವರ ಕಣ್ಣು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ದೇಸಾಯಿಗೆ ತೊಂದರೆಯಿದ್ದರೆ ನನಗೆ ಹೇಳದೆ ಇರುತ್ತಿದ್ದನೇ ಎಂದುಕೊಂಡೆ. ಸಹಿಸುವ ಪ್ರಕರಣ ಇನ್ನೂ ಹಸಿಯಾಗಿತ್ತು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು.

"ಆಕ್ಷೇಪ ಇಲ್ರೀ ಸರ್."

ಸಭೆಯ ನಡಾವಳಿ ಬರೆಯುವವನು ನಾನೇ. ಹಿಂದೆಲ್ಲ ಅದು ಮುಂಬೈ ತಲುಪಲು ಮೂರು ವಾರ ಹಿಡಿಯುತ್ತಿತ್ತು. ಅವತ್ತು ಹನ್ನೆರಡು ಗಂಟೆಯೊಳಗೆ ಕಳಿಸಿದೆ. ಪಟ್ಟಿಯಲ್ಲಿ ಗುರುತು ಒತ್ತಿದೆ. ಒತ್ತಿದರೆ ಆ ಕೆಲಸದ ಮೇಲೆ ಅಡ್ಡಗೆರೆ ಬೀಳುತ್ತದೆ. ಅದನ್ನು ನೋಡುವುದರಲ್ಲಿ ಒಂದು ಸುಖವಿದೆ.

ಶನಿವಾರ ವರ್ಗಾವಣೆಯ ಆದೇಶ ಬಂತು. ದೇಸಾಯಿ ಅದನ್ನು ಎರಡು ಸಲ ಓದಿ, ಮಡಚಿ, ಜೇಬಿಗೆ ಹಾಕಿಕೊಂಡ. ನನ್ನ ಕಡೆ ಒಮ್ಮೆ ನೋಡಿದ. ಆ ದಿನದಿಂದ ಅವನ ನಗೆಹನಿಗಳೂ ನಿಂತವು. ನಿಂತದ್ದು ನನಗೆ ಗೊತ್ತೇ ಆಗಲಿಲ್ಲ, ಅವು ನೇರವಾಗಿ ಫೋಲ್ಡರಿಗೆ ಹೋಗುತ್ತಿದ್ದವಲ್ಲ!

ಮರುದಿನ ಸಂತೆಯಲ್ಲಿ ಸುದ್ದಿ ಕೇಳಿ ಶಕುಂತಲಾ ಮನೆಗೆ ಓಡಿಬಂದಳು. "ಸುಮತಿವೈನ್ಯಾರಿಗೆ ಆ ಊರಾಗ ಹೆಂಗ ಆಗಬೇಕ್ರಿ? ದೇಸಾಯಾರು ನಿಮಗ ಒಂದ್ ಮಾತು ಹೇಳಿರಲಿಲ್ಲೇನು?"

"ಒಂದು ಮಾತೂ ಹೇಳಲಿಲ್ಲ" ಎಂದೆ. "ಹತ್ತೊಂಬತ್ತು ವರ್ಷದ ದೋಸ್ತಿ! ಇಷ್ಟ ನೋಡು ಮಂದಿ."

ಹೌದು, ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ಎಂಟು ದಿನ ಆ ಸಿಟ್ಟನ್ನು ಜೋಪಾನವಾಗಿ ಸಾಕಿದೆ.

ಒಂಬತ್ತನೆಯ ದಿನ ಪ್ರೋಗ್ರಾಮ್ ಒಂದು ಪ್ರಶ್ನೆ ಕೇಳಿತು. 'ಆಮೇಲೆ' ಫೋಲ್ಡರಿನಲ್ಲಿ ಓದದೆ ಬಿಟ್ಟ ಹಳೆಯ ಪತ್ರಗಳಿವೆ, ಅಳಿಸಲೇ? ಅಳಿಸು ಎನ್ನುವ ಮುಂಚೆ ಒಮ್ಮೆ ತೆರೆದೆ. ಸಾಲು ಸಾಲು ದೇವರು, ಸಾಲು ಸಾಲು ನಗೆಹನಿ. ನಡುವೆ ಒಂದಕ್ಕೆ ಮಾತ್ರ 'ಖಾಸಗಿ' ಎಂಬ ತಲೆಬರಹ. ಇಂಗ್ಲಿಷ್ ಅಕ್ಷರದಲ್ಲಿ ಕಷ್ಟಪಟ್ಟು ಕುಟ್ಟಿದ ಕನ್ನಡ.

'ಬಡಿಗೇರ, ನಾಗ್ಪುರಕ್ಕ ನನ್ನ ಹೆಸರು ನಡದೈತಿ ಅಂತ ಸುದ್ದಿ. ಸುಮತಿಗೆ ಈಗ ಬೆಳಕು ಯಾವುದು ಕತ್ತಲಿ ಯಾವುದು ಅಷ್ಟ ತಿಳೀತೈತಿ. ಇಲ್ಲಿ ಮನಿ, ಓಣಿ, ಹಿಟ್ಟಿನ ಗಿರಣಿ ಎಲ್ಲಾ ಆಕಿ ಕಾಲಿಗೆ ಗೊತ್ತೈತಿ. ಅಲ್ಲಿ ಹೊಸಾದಾಗಿ ಕಲಿಯೂದು ಇನ್ನ ಆಗೂದಿಲ್ಲ. ಗುರುವಾರ ಮೀಟಿಂಗಿನ್ಯಾಗ ನೀ ಇರ್ತಿ. ನನ್ನ ಸಲುವಾಗಿ ಒಂದ್ ಮಾತು ಹೇಳು. ಮುಖದ ಮುಂದ ಕೇಳಾಕ ನನಗೂ ಸಂಕೋಚ ಆಗಿತ್ತು. ನೀ ಮೇಲ್ ಹಾಕು ಅಂದಿದ್ದ ಒಳ್ಳೇದಾತು.'

ಅದೇ ನಿಮಿಷಕ್ಕೆ ಅವನಿಗೆ ಹೋದ ನನ್ನ ಉತ್ತರವೂ ಕಳಿಸಿದ ಪತ್ರಗಳ ಸಾಲಿನಲ್ಲಿತ್ತು. ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು.

ಕುರ್ಚಿಯಿಂದ ಎದ್ದವನು ಸೈಕಲ್ ಸ್ಟ್ಯಾಂಡಿಗೆ ಓಡಿದೆ. ಊಟದ ಹೊತ್ತು. ದೇಸಾಯಿ ಗಾಲಿಗೆ ಗಾಳಿ ಹಾಕುತ್ತಿದ್ದ.

"ದೇಸಾಯಿ, ನಿನ್ನ ಮೇಲ್ ಇವತ್ತ ನೋಡಿದೆನೋ!"

"ನಿನ್ನ ಉತ್ತರ ಅವತ್ತ ಬಂತಲ್ಲ."

"ಅದು ನಾ ಬರದದ್ದಲ್ಲೋ, ಪ್ರೋಗ್ರಾಮ್ ತಾನ ಕಳಸ್ತೈತಿ."

"ಕೆಳಗ ನಿನ್ನ ಹೆಸರಿತ್ತು." ಅವನು ಪಂಪ್ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ನಾನೂ ಕಾದೆ. ಗುರುವಾರದೊಳಗ ಸೂಕ್ತ ಸಮಯ ಬರಬಹುದು ಅಂತ."

ಅಲ್ಲಿಂದ ನೇರವಾಗಿ ಮ್ಯಾನೇಜರ್ ಕೋಣೆಗೆ ನುಗ್ಗಿದೆ. "ಸರ್, ದೇಸಾಯಿ ವರ್ಗಾವಣೆಗೆ ನನ್ನ ಆಕ್ಷೇಪ ಐತ್ರೀ!" ಎಂದು ಎಲ್ಲ ಹೇಳಿದೆ, ಸುಮತಿಯವರ ಕಣ್ಣು, ಅಂಬೇವಾಡಿಯ ಓಣಿ, ನನ್ನ ಫೋಲ್ಡರು, ಎಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿನಲ್ಲಿ ನಡಾವಳಿ ತೆಗೆದು ನನ್ನ ಕಡೆ ತಿರುಗಿಸಿದರು. 'ಯಾರಿಂದಲೂ ಆಕ್ಷೇಪ ಇಲ್ಲ. ಬರೆದವರು: ಬಡಿಗೇರ.'

"ಮುಂಬೈಯಿಂದ ಆರ್ಡರ್ ಆಗೋಯ್ತು ಬಡಿಗೇರ್. ನಾಗ್ಪುರದಲ್ಲಿದ್ದವರನ್ನ ಬೇರೆ ಕಡೆ ಹಾಕಿದ್ದಾರೆ. ಮೊದಲಿನ ಹಾಗೆ ನೀವು ಮೂರು ವಾರ ತಡ ಮಾಡಿದ್ದಿದ್ದರೆ ಏನಾದ್ರೂ ಮಾಡಬಹುದಿತ್ತು."

ನನ್ನ ಇಡೀ ನೌಕರಿಯಲ್ಲಿ ಸಮಯಕ್ಕೆ ಸರಿಯಾಗಿ ಮುಟ್ಟಿದ ಕಾಗದ ಅದೊಂದೇ!

"ಅವರ ಬದಲು ಬೇರೆ ಯಾರಾದ್ರೂ ಹೋಗೋದಾದ್ರೆ ಈಗಲೂ ಬರೆದು ನೋಡ್ತೀನಿ" ಎಂದರು. ನಾನೇ ಹೋಗುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು. ಇನ್ನೂ ಅಲ್ಲೇ ಇದೆ.

ಬೀಳ್ಕೊಡುಗೆಯ ಏರ್ಪಾಡು ನನ್ನ ಪಾಲಿಗೆ ಬಂತು. ಆ ಪ್ರೋಗ್ರಾಮಿನ ಮೂಲಕವೇ ಎಲ್ಲರಿಗೂ ಆಮಂತ್ರಣ ಕಳಿಸಿದೆ. ಕೈಗೆ ರೂಢಿಯಾಗಿತ್ತು, ಏನು ಮಾಡುವುದು! ಬರುವವರು 'ಬರುತ್ತೇನೆ' ಎಂದು ಒತ್ತಬೇಕು, ಆಗದವರು 'ಬರುವುದಿಲ್ಲ' ಎಂದು. ಒಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರು. 'ಬರುವುದಿಲ್ಲ' ಎಂದು ಒತ್ತಿದವನು ದೇಸಾಯಿ.

ಸಮಾರಂಭ ನಡೆಯಿತು. ಖಾಲಿ ಕುರ್ಚಿಯ ಮುಂದೆ ಖಾರಾ, ಬುಂದಿ ಇಟ್ಟರು. ಮ್ಯಾನೇಜರ್ ನಲವತ್ತೈದು ನಿಮಿಷ ಮಾತಾಡಿದರು. ಸತ್ಕಾರಕ್ಕೆ ತಂದ ಶಾಲು ನನ್ನ ಮಡಿಲಿನಲ್ಲೇ ಉಳಿಯಿತು.

ಮರುದಿನ ರವಿವಾರ. ಶಾಲು ಹಿಡಿದುಕೊಂಡು ದೇಸಾಯಿಯ ಮನೆಗೆ ಹೋದೆ. ಶಕುಂತಲಾ ಜೊತೆಗೆ ಬರಲಿಲ್ಲ. "ನೀವು ಮಾಡಿದ್ದು ನೀವ ಹೇಳಿ ಬರ್ರಿ" ಎಂದಿದ್ದಳು. ದೇಸಾಯಿ ಸಾಮಾನು ಸಾಗಿಸುವ ಗಾಡಿ ಗೊತ್ತುಮಾಡಲು ಹೋಗಿದ್ದ. ಬಾಗಿಲು ತೆರೆದವರು ಸುಮತಿಯವರು. ನಾನು ಕೆಮ್ಮಿದೆ.

"ಬಡಿಗೇರಣ್ಣಾರ? ಬರ್ರಿ, ಒಳಗ ಬರ್ರಿ." ತಿರುಗಿದವರು ನಡುಮನೆಯಲ್ಲಿ ಹೊಸದಾಗಿ ಬಂದು ಕೂತಿದ್ದ ಟ್ರಂಕಿಗೆ ಮೊಣಕಾಲು ಬಡಿಸಿಕೊಂಡರು. "ಇದೊಂದು ನೋಡ್ರಿ, ನಿನ್ನಿಯಿಂದ ಮೂರ್ ಸಲ ಆತು" ಎಂದು ನಕ್ಕು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದರು. ಕಪ್ಪಿನಿಂದ ಒಂದು ಹನಿ ಚೆಲ್ಲಲಿಲ್ಲ.

"ನಿಮಗ ಎಷ್ಟ್ ಹೇಳಿದರೂ ಕಡಿಮಿ ಅಣ್ಣಾರ" ಎಂದರು. "ಇವರು ಎಲ್ಲಾ ಹೇಳ್ಯಾರ. ನಮ್ಮ ಸಲುವಾಗಿ ನೀವು ಮ್ಯಾನೇಜರ್ ಕೂಡ ಜಗಳನ ಮಾಡಿದ್ರಂತ. 'ಬಡಿಗೇರ ಭಾಳ ಪ್ರಯತ್ನ ಮಾಡಿದ, ಅವರು ಕೇಳಲಿಲ್ಲ' ಅಂದರು. ಇಷ್ಟ್ ಮಾಡೂ ಮಂದಿ ಈಗಿನ ಕಾಲದಾಗ ಯಾರದಾರ ಹೇಳ್ರಿ?"

ನಾನು ಒಂದು ಗುಟುಕು ಕುಡಿದೆ. ಅವರ ಮುಖ ನನ್ನ ಕಡೆಗೇ ಇತ್ತು, ದೃಷ್ಟಿ ಮಾತ್ರ ನನ್ನ ಕಿವಿಯ ಪಕ್ಕದ ಗೋಡೆಯ ಮೇಲೆ. ಎಲ್ಲವನ್ನೂ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಉಳಿದ ಚಹಾ ಒಂದೇ ಗುಟುಕಿಗೆ ಮುಗಿಸಿ, ಬಾಯಿಯನ್ನೂ ತೆರೆದೆ.

"ಇನ್ನೊಂದ್ ಅರ್ಧ ಕಪ್ ಹಾಕ್ಲೇನ್ರಿ?" ಎಂದರು ಸುಮತಿಯವರು.

"ಹಾಕ್ರಿ ವೈನಿ" ಎಂದೆ. "ಸಕ್ರಿ ಒಂದೀಟ ಜಾಸ್ತಿ ಇರಲಿ."