ನಾದಿನಿ ಪ್ಲಗಿನ್ ಹಸನು ಮಾಡಿದ್ದು

ನನ್ನ ನಾದಿನಿಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಬ್ರ್ಯಾಕೆಟ್ಟಿನ ಮೇಲೆ ಮಾತ್ರ ಅಪಾರ ನಂಬಿಕೆ! ಬ್ರ್ಯಾಕೆಟ್ಟು ತೆರೆದು ಮುಚ್ಚದೆ ಹೋದವನು ಕದ ಹಾಕದೆ ಊರಿಗೆ ಹೋದವನಿಗೆ ಸಮ ಎಂಬುದು ಅವಳ ಸಿದ್ಧಾಂತ. ಸುರಪುರದ ನಮ್ಮ ಓಣಿಯಲ್ಲಿ ಬೆಳಗಾದರೆ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಾರೆ. ಅದೇ ಕಟ್ಟೆಯ ಮೇಲೆ, ಅದೇ ಭಂಗಿಯಲ್ಲಿ ಕೂತು ಜಾವಾಸ್ಕ್ರಿಪ್ಟ್ ಹಸನು ಮಾಡುವ ಅರವತ್ತೆಂಟು ವರ್ಷದ ಹೆಂಗಸನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ಪ್ಲೀಸ್, ಅಡ್ರೆಸ್ ಕೊಡಿ. ಇಬ್ಬರನ್ನೂ ಒಂದೇ ಕೋಣೆಗೆ ಕೂಡಿ ಹಾಕಿ ನಾನು ನೆಮ್ಮದಿಯಾಗಿ ಒಂದು ಆಫ್ಟರ್‌ನೂನ್ ನ್ಯಾಪ್ ಮಾಡುತ್ತೇನೆ!

ಜಾವಾಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಇಷ್ಟರ ಮೇಲೆ ನನ್ನನ್ನು ಏನೂ ಕೇಳಬೇಡಿ. ನಾನು ಕಾನ್ವೆಂಟಿನಲ್ಲಿ ಕಲಿತವಳು. ನನಗೆ ಗೊತ್ತಿರುವುದು ನೀಡ್ಲ್‌ವರ್ಕ್, ಹ್ಯಾಂಡ್‌ರೈಟಿಂಗ್ ಮತ್ತು ಸಿಸ್ಟರ್ ಬಂದಾಗ ಎದ್ದು ನಿಲ್ಲುವುದು. ನಾದಿನಿ ಹಾಗಲ್ಲ. ಮದುವೆ ಗಿದುವೆ ಎಂಬ ತಂಟೆಗೆ ಹೋಗದೆ ತಹಶೀಲ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲೇ ಕೂದಲು ನೆರೆಸಿಕೊಂಡು ರಿಟೈರ್ ಆದವಳು. ರಿಟೈರ್ ಆದ ಮರುದಿನ ಬೆರಳುಗಳು ಸುಮ್ಮನಿರದೆ ಊಟದ ತಟ್ಟೆಯ ಅಂಚಿನ ಮೇಲೆ ಟೈಪ್ ಮಾಡಲು ಶುರು ಮಾಡಿದವು. ನನ್ನ ಯಜಮಾನರು ಆಗ ಇದ್ದರು. ತಂಗಿಯ ಅವಸ್ಥೆ ನೋಡಲಾರದೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದುಕೊಟ್ಟರು. ಅವಳು ಇಂಟರ್‌ನೆಟ್ಟಿನ ಪುಕ್ಕಟೆ ಪಾಠ ನೋಡಿ ಜಾವಾಸ್ಕ್ರಿಪ್ಟ್ ಕಲಿತಳು.

"ಈ ವಯಸ್ಸಿನಾಗ ಯಾಕವಾ ಇದೆಲ್ಲ?" ಎಂದು ಕೇಳಿದ್ದೆ.

"ಮೂವತ್ತು ವರ್ಷ ಮಂದಿ ಬರದದ್ದು ಟೈಪ್ ಮಾಡೀನ್ರಿ ವೈನಿ. ಒಮ್ಮ್ಯಾರೆ ನಾ ಬರದದ್ದು ಯಾರಾರ ಕೇಳಲಿ," ಎಂದಳು. ಮನುಷ್ಯರು ಕೇಳುವ ಭರವಸೆ ಇರಲಿಲ್ಲವೆಂದು ಕಾಣುತ್ತದೆ, ಕಂಪ್ಯೂಟರನ್ನು ಆರಿಸಿಕೊಂಡಳು!

ಈಗ ನನ್ನ ಕಣ್ಣಿನ ವಿಷಯ ಹೇಳಬೇಕು. ಯಜಮಾನರು ತೀರಿಕೊಂಡ ಮುಂದಿನ ವರ್ಷ ನನ್ನ ಎರಡೂ ಕಣ್ಣುಗಳ ನಟ್ಟನಡುವೆ ಒಂದು ಮಸುಕು ಚುಕ್ಕೆ ಬಂದು ಕೂತಿತು. ಅಂಚೆಲ್ಲ ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ, ಕಿವಿಯ ಓಲೆ, ಹೆಗಲು ಎಲ್ಲ ಬರೋಬ್ಬರಿ. ಮೂಗು ಮಾತ್ರ ಆಬ್ಸೆಂಟ್! ಇದರಿಂದ ಕೆಲವು ಲಾಭವೂ ಇದೆ ಅನ್ನಿ. ಆದರೆ ಪೇಪರ್ ಓದುವುದು ನಿಂತುಹೋಯಿತು. ಏಳು ವರ್ಷದವಳಿದ್ದಾಗಿನಿಂದ ದಿನಾ ಪೇಪರ್ ಓದಿದವಳು ನಾನು. ಅದಿಲ್ಲದ ಬೆಳಗು ನನಗೆ ಬೆಳಗೇ ಅಲ್ಲ.

"ನಾ ಓದಿ ಹೇಳ್ತೀನಿ ಬರ್ರಿ," ಎಂದು ನಾದಿನಿ ಒಂದು ವಾರ ಓದಿದಳು. ಅಯ್ಯೋ ಆ ಓದು! ಟೈಪಿಸ್ಟ್ ಅಲ್ಲವೇ, ಡಿಕ್ಟೇಶನ್ ರೂಢಿ. "ಮುಖ್ಯಮಂತ್ರಿಗಳು ಕಾಮಾ ಸಚಿವರು ಕಾಮಾ ಅಧಿಕಾರಿಗಳು ಹಾಜರಿದ್ದರು ಫುಲ್‌ಸ್ಟಾಪ್ ನೆಕ್ಸ್ಟ್ ಪ್ಯಾರಾ." ಎಂಟನೆಯ ದಿನ ನಾನು ಕೈಮುಗಿದೆ. ಅವಳು ಒಳಗೆ ಹೋಗಿ ತಿಂಗಳುಗಟ್ಟಲೆ ಕೂತು ಒಂದು ಪ್ಲಗಿನ್ ಬರೆದಳು. ಪ್ಲಗಿನ್ ಎಂದರೆ ಬ್ರೌಸರಿಗೆ ಅಂಟಿಸುವ ಒಂದು ಸಣ್ಣ ಸಲಕರಣೆ. ಪೇಪರಿನ ಪುಟ ತೆರೆದು ಒಂದು ಗುಂಡಿ ಒತ್ತಿದರೆ ಸಾಕು, ಒಬ್ಬ ಹೆಂಗಸಿನ ದನಿ ಅಚ್ಚ ಕನ್ನಡದಲ್ಲಿ ಸುದ್ದಿ ಓದುತ್ತದೆ, ಕಾಮಾ ಕೂಗದೆ! ಮೂರು ವರ್ಷ ನನ್ನ ಬೆಳಗು ಮತ್ತೆ ಬೆಳಗಾಯಿತು.

ಈ ಸಲ ಬೇಸಿಗೆಯ ಹೊಸ್ತಿಲಲ್ಲಿ ಬ್ರೌಸರಿನವರಿಂದ ಒಂದು ನೋಟಿಸ್ ಬಂತು: ಹಳೆಯ ಬಗೆಯ ಪ್ಲಗಿನ್‌ಗಳು ತಿಂಗಳ ಕೊನೆಗೆ ಬಂದ್, ಹೊಸ ನಿಯಮಕ್ಕೆ ತಕ್ಕಂತೆ ಕಟ್ಟಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಬೆಳಗು ಮತ್ತೆ ಹೋಯಿತೆಂದು ನಾನು ಕೂಗಿಕೊಂಡೆ. ನಾದಿನಿ ಮಾತ್ರ ನೋಟಿಸನ್ನು ತಹಶೀಲ ಕಚೇರಿಯ ಗತ್ತಿನಲ್ಲಿ ಎರಡು ಸಲ ಓದಿ, "ಮುದ್ದತ್ ಅದ. ಇಪ್ಪತ್ತಾರು ದಿನ," ಎಂದಳು.

ಪ್ಲಗಿನ್ನಿನ ಕಡತಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಇರುತ್ತವೆ. ಆ ಉಗ್ರಾಣವನ್ನು ರಿಪಾಸಿಟರಿ ಎನ್ನುತ್ತಾರಂತೆ. ಮೂರು ವರ್ಷದ ಮೇಲೆ ಅದನ್ನು ತೆರೆದು ನೋಡಿದವಳೇ ಹಣೆ ಚಚ್ಚಿಕೊಂಡಳು. ಕಲಿಯುವ ಕಾಲದಲ್ಲಿ ಬರೆದದ್ದಲ್ಲವೇ? ಎಲ್ಲ ತುಣುಕುಗಳನ್ನು ಕೂಡಿಸಿ ಪ್ಲಗಿನ್ ಕಟ್ಟುವುದು ಹೇಗೆಂದು ಹೇಳುವ ಬಿಲ್ಡ್ ಕಾನ್ಫಿಗರೇಶನ್ ಒಂದಿರಬೇಕಾದಲ್ಲಿ ಮೂರಿದ್ದವು. ಮೂರು ಪಾಠ ನೋಡಿದ್ದಳು, ಪಾಠಕ್ಕೊಂದು ಬರೆದಿದ್ದಳು. ಒಂದು 'ಕೂಡಿಸು' ಎಂದರೆ ಇನ್ನೊಂದು 'ಆಗಲೇ ಕೂಡಿಸಿದೆ' ಎನ್ನುತ್ತಿತ್ತು, ಮೂರನೆಯದು ಇಬ್ಬರಿಗೂ ಕಾಣದಂತೆ ಬಿಡಿಸುತ್ತಿತ್ತು.

"ಮದ್ವಿ ಮನ್ಯಾಗ ಮೂರು ಮಂದಿ ಅಡಿಗಿಯವರು ನಿಂತಂಗ ಆಗ್ಯದ್ರಿ ವೈನಿ. ಇಷ್ಟು ದಿನ ಸಾರು ಹೆಂಗ ಕುದೀತೋ!"

ಅದಕ್ಕಿಂತ ದೊಡ್ಡ ದಿಕ್ಕತ್ತು ಇಂಪೋರ್ಟುಗಳದು. ತಾನೇ ಬರೆಯುವ ಬದಲು ಬೇರೆಯವರು ಮಾಡಿಟ್ಟ ಸಲಕರಣೆಯನ್ನು ಕರೆಸಿಕೊಳ್ಳುವುದಕ್ಕೆ ಇಂಪೋರ್ಟ್ ಎನ್ನುತ್ತಾರೆ. ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದ ಹಾಗೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ! ಇಲ್ಲಿ ಸಕ್ಕರೆ ಕೇಳಿದರೆ ನೆರೆಮನೆಯಾಕೆ ತನ್ನ ಅತ್ತೆಯನ್ನು, ಅತ್ತೆಯ ತಂಗಿಯನ್ನು, ಆ ತಂಗಿಯ ಹೊಲಿಗೆ ಮಷೀನನ್ನು ಜೊತೆಗೆ ಕರೆತಂದು ನಮ್ಮ ಪಡಸಾಲೆಯಲ್ಲಿ ಬಿಡಾರ ಹೂಡುತ್ತಾಳೆ. ಇವರೇ ಡಿಪೆಂಡೆನ್ಸಿಗಳು!

ವಿಚಾರಣೆ ಶುರುವಾಯಿತು. ಕಚೇರಿಯ ಪದ್ಧತಿಯೇ: ಪ್ರತಿ ಇಂಪೋರ್ಟಿನ ಹೆಸರನ್ನು ಮೂರು ಸಲ ಜೋರಾಗಿ ಕೂಗುವುದು, ಇಡೀ ಪ್ಲಗಿನ್ನಿನಲ್ಲಿ ಅದನ್ನು ಯಾರಾದರೂ ಕೆಲಸಕ್ಕೆ ಕರೆದಿದ್ದಾರೆಯೇ ಎಂದು ಹುಡುಕುವುದು, ಇಲ್ಲದಿದ್ದರೆ "ಗೈರುಹಾಜರು! ರದ್ದು!" ನಾನು ಎದುರಿಗೆ ಕೂತು ಸಾಕ್ಷಿ.

"ಇಂಗ್ಲೀಷಿನ ಮೊದಲ ಅಕ್ಷರ ಕ್ಯಾಪಿಟಲ್ ಮಾಡಾವಾ! ಹಾಜರ್ ಇದ್ದೀಯೇನು? ಹಾಜರ್? ಹಾಜರ್?"

"ಕನ್ನಡದಾಗ ಕ್ಯಾಪಿಟಲ್ ಲೆಟರ್ ಎಲ್ಲದಾವು?" ಎಂದೆ.

ನಾದಿನಿ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಮೂರು ವರ್ಷ ಇಂವಾ ಬಿಟ್ಟಿ ಕೂಳು ತಿಂದಾನ್ರಿ, ವೈನಿ!"

ರದ್ದು! ಇವತ್ತು ಯಾವ ದಿನವೆಂದು ಲೆಕ್ಕ ಹಾಕಿ ಹೇಳುವ ಭಾರೀ ಸಲಕರಣೆಯೊಂದಿತ್ತು. "ಗ್ವಾಡಿ ಮ್ಯಾಲ ಕ್ಯಾಲೆಂಡರ್ ಅದಲ್ಲ," ಎಂದೆ. ರದ್ದು! ಹಾದಿಯಲ್ಲಿ ಹೋಗುವವರು ಈ ಕೂಗು ಕೇಳಿ ನಮ್ಮ ಮನೆಯಲ್ಲಿ ಆಸ್ತಿ ಹಂಚಿಕೆ ನಡೆದಿದೆ ಎಂದುಕೊಂಡರು. ಒಬ್ಬಾಕೆಯಂತೂ ಒಳಗೆ ಬಂದು, "ಸಮಾಧಾನ ಮಾಡ್ಕೋರಿ, ಹೆಣ್ಮಕ್ಕಳಿಬ್ರ ಅದೀರಿ," ಎಂದು ಬುದ್ಧಿ ಹೇಳಿ ಚಹಾ ಕುಡಿದು ಹೋದಳು.

ಇನ್ನು ಬ್ರ್ಯಾಕೆಟ್ಟಿನ ತಪಾಸಣೆ. ನಾದಿನಿ ಕೋಡನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತರುತ್ತಾಳೆ. ಪಕ್ಕದಲ್ಲಿ ತೊಗರಿಕಾಳಿನ ಮೊರ, ಮುಂದೆ ಖಾಲಿ ಬಟ್ಟಲು. ಬ್ರ್ಯಾಕೆಟ್ ತೆರೆದರೆ ಬಟ್ಟಲಿಗೆ ಒಂದು ಕಾಳು, ಮುಚ್ಚಿದರೆ ಬಟ್ಟಲಿನಿಂದ ಒಂದು ಕಾಳು ಹೊರಗೆ. ಕೊನೆಗೆ ಬಟ್ಟಲು ಖಾಲಿ ಇದ್ದರೆ ಎಲ್ಲ ಸರಿ. ಕಾಳು ಉಳಿದರೆ ಅಷ್ಟು ಬ್ರ್ಯಾಕೆಟ್ಟು ತೆರೆದೇ ಇವೆ ಎಂದರ್ಥ.

"ಕಂಪ್ಯೂಟರ್ ತಾನೇ ತೋರಸ್ತದಂತಲ್ಲ?" ಎಂದರೆ ಅವಳ ಉತ್ತರ ಕೇಳಿ: "ಅಪರಾಧಿ ಕೈಯಾಗ ಜಾಂಚ್ ಕೊಡ್ತಾರೇನ್ರಿ?"

ಒಂದು ದಿನ ಹೀಗೆ ಎಣಿಸಿ ಮುಗಿಸಿ, ಬಟ್ಟಲು ನೋಡುವ ಮುಂಚೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದಳು. ನಾನು, ಹೆಲ್ಪ್ ಮಾಡೋಣವೆಂದು, ಬಟ್ಟಲಲ್ಲಿ ಬೆರಳಿಗೆ ಸಿಕ್ಕ ಎರಡು ಕಾಳನ್ನು ನೆನೆಹಾಕಿದ ಪಾತ್ರೆಗೆ ಸುರಿದೆ. ಬಂದು ನೋಡುತ್ತಾಳೆ, ಬಟ್ಟಲು ಖಾಲಿ! "ಸಾಫ್ ಅದ!" ಎಂದು ಕುಣಿದಾಡಿ ಬಿಲ್ಡ್ ಮಾಡಿದಳು. ಪರದೆಯ ಮೇಲೆ ಕೆಂಪು ಅಕ್ಷರ. ಮತ್ತೆ ಮಾಡಿದಳು, ಮತ್ತೆ ಕೆಂಪು. ಮಧ್ಯಾಹ್ನದವರೆಗೂ ಕಂಪ್ಯೂಟರಿನ ವಂಶವನ್ನೆಲ್ಲ ಬೈದಳು. ಊಟಕ್ಕೆ ಕೂತಾಗ ತೊಗರಿಕಾಳಿನ ಪಲ್ಯ ಬಡಿಸಿಕೊಳ್ಳುತ್ತ ನನಗೆ ಥಟ್ಟನೆ ಹೊಳೆಯಿತು. ಹೇಳಿದೆ. ಅವಳು ತುತ್ತು ಅರ್ಧಕ್ಕೆ ನಿಲ್ಲಿಸಿ ತಟ್ಟೆಯನ್ನೇ ದಿಟ್ಟಿಸಿದಳು.

"ಇದರಾಗ ಯಾವ್ದು ಎಂಬತ್ತಮೂರನೇ ಸಾಲಿಂದು?"

ಅಂದು ನಾವಿಬ್ಬರೂ ಸೇರಿ ಎರಡು ಬ್ರ್ಯಾಕೆಟ್ಟು ತಿಂದೆವು!

ಆ ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ಕಣ್ಣು ತೋರಿಸಲು ಯಾದಗಿರಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್, ನನ್ನ ತೊಡೆಯ ಮೇಲೆ ರೊಟ್ಟಿ ಗಂಟು. ಶಹಾಪುರ ಬರುವಷ್ಟರಲ್ಲಿ ಮೂರು ಕಾನ್ಫಿಗರೇಶನ್ನುಗಳಲ್ಲಿ ಎರಡನ್ನು ಅಳಿಸಿ ಹಾಕಿದ್ದಳು. ಅಲ್ಲಿನ ಗುಡ್ಡಗಳ ಸಾಲೇ ಆಕಾರ ಕೊಟ್ಟ ಬುದ್ಧ ಎಂದಿನಂತೆ ಮಲಗಿದ್ದ. ಮಲಗಿದ್ದ ಎಂಬುದು ನನ್ನ ನೆನಪು. ನನಗೆ ಕಂಡದ್ದು ಅವನ ತಲೆ ಮತ್ತು ಪಾದ ಅಷ್ಟೇ.

"ಕಾಣ್ತಾನೇನ್ರಿ?" ಎಂದಳು ನಾದಿನಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಹೂಂ," ಎಂದು ಸುಳ್ಳು ಹೇಳಿದೆ.

ಯಾದಗಿರಿಯ ಡಾಕ್ಟರು ಎಳೆಯ ಹುಡುಗ, ಬಲು ಪೊಲೈಟ್. ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, ಇದ್ದದ್ದು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ. ನಾನು ಕಾನ್ವೆಂಟಿನ ಹುಡುಗಿಯಂತೆ "ಥ್ಯಾಂಕ್ಯೂ ಡಾಕ್ಟರ್" ಎಂದೆ. ನಾದಿನಿ ಮಾತ್ರ ನಿಟ್ಟುಸಿರು ಬಿಟ್ಟು, "ಇನ್ನ ಒಂಬತ್ತ ದಿನ ಟೈಮ್ ಅದ್ರಿ ಡಾಕ್ಟರ್. ಅಷ್ಟರೊಳಗ ನಾ ಎಲ್ಲಾ ಸಾಫ್ ಮಾಡಿ ಮುಗಸ್ತೀನಿ," ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟ. "ಒಂಬತ್ತು ದಿನ ಯಾರಿಗ್ರಿ, ಅಮ್ಮಾ?"

ಪ್ಲಗಿನ್ನಿನ ಕಥೆ ಪೂರ್ತಿ ಕೇಳುವ ತನಕ ಅವನ ಬಣ್ಣ ಮರಳಲಿಲ್ಲ. ನಾವು ಹೊರಡುವಾಗ ಬಾಗಿಲ ತನಕ ಬಂದು, ಆ ಪ್ಲಗಿನ್ ಆದ ಮೇಲೆ ತನ್ನ ಪೇಷಂಟುಗಳಿಗೂ ಬೇಕೆಂದ. ನಾದಿನಿ ತಲೆದೂಗಿ, "ಅರ್ಜಿ ಕೊಡ್ರಿ, ನೋಡೋಣು," ಎಂದಳು!

ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ನಮ್ಮ ಪಡಸಾಲೆಯಲ್ಲಿ ಹಸಿರು ಟಿಕ್ ಮಾರ್ಕ್ ಮೂಡಿತು. ಒಂದೇ ಕಾನ್ಫಿಗರೇಶನ್, ಬೆರಳೆಣಿಕೆಯ ಇಂಪೋರ್ಟು, ಖಾಲಿ ಬಟ್ಟಲು. ನೆರೆಮನೆಯ ಅತ್ತೆ, ಅತ್ತೆಯ ತಂಗಿ, ಹೊಲಿಗೆ ಮಷೀನು ಎಲ್ಲ ಗಂಟು ಕಟ್ಟಿ ಹೋಗಿದ್ದವು. ನಾದಿನಿ ಗೋಧಿ-ಬೆಲ್ಲದ ಮಾದಲಿ ಮಾಡಿ ಓಣಿಗೆಲ್ಲ ಹಂಚಿದಳು. ಆಸ್ತಿ ಹಂಚಿಕೆ ಶಾಂತಿಯಿಂದ ಮುಗಿಯಿತೆಂದು ಓಣಿಯವರು ಖುಷಿಪಟ್ಟು ತಿಂದರು.

ಮರುದಿನ ಬೆಳಗ್ಗೆ ಗುಂಡಿ ಒತ್ತಿದೆ. ಆಹಾ! ಅದೇ ದನಿ, ಅದೇ ಸ್ಪಷ್ಟ ಕನ್ನಡ. ನನ್ನ ಪೇಪರ್ ನನಗೆ ಉಳಿದಿತ್ತು. ಮಂತ್ರಿಯೊಬ್ಬರು ಒಂದೇ ಸೇತುವೆಯನ್ನು ಎರಡನೆಯ ಸಲ ಉದ್ಘಾಟಿಸಿದ ಸುದ್ದಿ. ಇಂಥ ಸುದ್ದಿ ಸಿಕ್ಕರೆ ಸುಮ್ಮನಿರುವವಳೇ ನಾನು? "ಸೇತುವಿ ಕೆಳಗ ನೀರಾರ ಅದಾವೋ ಇಲ್ಲೋ," ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ದನಿ ಈರುಳ್ಳಿ ದರಕ್ಕೆ ಹಾರಿತ್ತು. ಈರುಳ್ಳಿಗೆ ಏನಾದರೂ ಅನ್ನೋಣವೆಂದರೆ ಅದು ಕ್ರಿಕೆಟ್ಟಿನಲ್ಲಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸಿನಂತೆ ಧಡಧಡ ಓಡಿ ಮುಗಿಸಿಬಿಟ್ಟಿತು.

ಅಷ್ಟು ಕಷ್ಟಪಟ್ಟವಳಿಗೆ ಏನೆಂದು ಹೇಳಲಿ? "ಫಸ್ಟ್ ಕ್ಲಾಸ್" ಎಂದೆ. ಎರಡನೆಯ ದಿನವೂ ಫಸ್ಟ್ ಕ್ಲಾಸ್. ಮೂರು ವರ್ಷದಿಂದ ದಿನಾ ಸ್ವಲ್ಪ ಸೀಯುತ್ತಿದ್ದ ಸಾರಿನ ಒಗ್ಗರಣೆ ಆ ಎರಡೂ ದಿನ ಒಂದು ಸಾಸಿವೆಯೂ ಸೀಯದೆ ಹದವಾಗಿತ್ತು. ಊಟ ರುಚಿಯಾಗಿತ್ತು, ಮನೆ ಮಾತ್ರ ಯಾಕೋ ಸಪ್ಪಗಿತ್ತು.

ಮೂರನೆಯ ದಿನ ತಡೆಯಲಾಗಲಿಲ್ಲ. "ಇದು ಹೊಳ್ಳಿ ಮೊದಲಿನಂಗ ಆಗ್ತದೇನವಾ?" ಎಂದೆ.

ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೌಟು ಕಂಡಿತು, ಸೆರಗಿನ ಅಂಚು ಕಂಡಿತು. "ಅಕ್ಷರ ತಪ್ಪತಾವೇನ್ರಿ?"

"ಇಲ್ಲ."

"ದನಿ ಸರಿ ಇಲ್ಲೇನು?"

"ದನಿ ಛಲೋ ಅದ. ನನಗ ಬಾಯಿ ಹಾಕಾಕ ಜಾಗ ಇಲ್ಲ ನೋಡು. ಮೊದಲ ಸುದ್ದಿಗೊಮ್ಮೆ ನಿಂತು ಹೋಗ್ತಿತ್ತು. ಹಳೇ ಮಷೀನು, ಏದುಸಿರು ಬಿಡ್ತದ ಅಂತ ನಾ ತಿಳ್ಕೊಂಡಿದ್ದೆ."

ಅವಳು ಸೌಟನ್ನು ಸೆರಗಿಗೆ ಒರೆಸಿದಳು.

"ಏದುಸಿರಲ್ರಿ ಅದು. ಸುದ್ದಿ ಆದ ಮ್ಯಾಲ ಏಳು ಸೆಕೆಂಡ್ ಸುಮ್ಮ ಕುಂದ್ರು ಅಂತ ನಾನ ಒಂದು ಫೈಲಿನಾಗ ಬರದಿದ್ದೆ. ಹಸನ ಮಾಡುವಾಗ ತಗದೆ. ಅದರ ಹೆಸರು ಕೂಗಲಿಲ್ಲ, ನಿಮಗ ಹೇಳಲಿಲ್ಲ."

"ಅಲ್ಲಾ, ನನ್ನ ಸಲುವಾಗಿ ಇಟ್ಟದ್ದನ್ನ ನನ್ನ ಕೇಳದ—"

"ನಿಮ್ಮ ಸಲುವಾಗಿ ಯಾರು ಇಟ್ಟಿದ್ರು?" ಎಂದಳು, ಎಂದಿನ ಜಬರದಸ್ತಿನಲ್ಲೇ. "ಅಣ್ಣ ಹೋದ ಮ್ಯಾಲ ಈ ಮನ್ಯಾಗ ನೀವು ಹೂಂ, ಉಹೂಂ ಬಿಟ್ರ ಮಾತಾಡಿರಲಿಲ್ಲ. ಈ ಪ್ಲಗಿನ್ ಓದಾಕ ಹತ್ತಿದ ಮ್ಯಾಲ ಅದಕ್ಕ ಎದುರು ಮಾತಾಡಾಕ ಶುರು ಮಾಡಿದ್ರಿ. ಮಂತ್ರಿಗೆ ಬೈದ್ರಿ, ಈರುಳ್ಳಿಗೆ ಬೈದ್ರಿ. ನಾ ಒಳಗ ಒಗ್ಗರಣಿ ತಡದು ನಿಂತು ಕೇಳ್ತಿದ್ದೆ. ಏಳು ಸೆಕೆಂಡ್ ನನಗಂತ ಇಟ್ಕೊಂಡಿದ್ದು. ಹಸನ ಮಾಡಾಕ ಕುಂತ ಮ್ಯಾಲ ಮೊದಲ ನಂದು ತಗೀಬೇಕಲ್ರಿ?"

ಎದುರಿಗೆ ನಿಂತವಳ ಮುಖ ನನಗೆ ಕಾಣುವುದಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು; ಅವಳಿಗೆ ನನ್ನದು ಕಾಣುತ್ತಿತ್ತಲ್ಲ, ಅಷ್ಟು ಸಾಕಿತ್ತು. ಒಳಗೆ ಎಣ್ಣೆ ಕಾದು ಚಟಪಟ ಎನ್ನುತ್ತಿತ್ತು.

"ಏಳು ಸಾಲೂದಿಲ್ಲ. ಹತ್ತು ಮಾಡು," ಎಂದೆ.

"ಹತ್ತಂದ್ರ ಒಗ್ಗರಣಿ ಸೀದು ಹೋಗ್ತದ್ರಿ, ವೈನಿ."

"ಹೋಗಲಿ ಬಿಡವಾ."