ಹಿತ್ತಿಲಿಗೆ ಬಂದ ಅದೃಷ್ಟ ಮತ್ತು ಹದಿನಾಲ್ಕು ಸೂಜಿ

ಬೆಳಗೆದ್ದು ನರಿ ಮುಖ ನೋಡಿದವನ ಅದೃಷ್ಟ ಖುಲಾಯಿಸುತ್ತದೆ ಎಂಬ ಮಾತನ್ನು ನಾನು ಪೂರ್ತಿ ನಂಬಿದವನು. ಕಚೇರಿಯಲ್ಲಿ ನನಗಿಂತ ಕಿರಿಯನೊಬ್ಬನಿಗೆ ಬಡ್ತಿ ಬಂದಾಗ "ಎಲ್ಲೋ ನರಿ ಮುಖ ನೋಡಿ ಬಂದಿದ್ದಾನೆ" ಎಂದರು ಎಲ್ಲರೂ. ನಾನೂ ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನಮ್ಮ ಮನೆ ಕುಂಬಾರಕೊಪ್ಪಲಿನ ಅಂಚಿನಲ್ಲಿತ್ತು. ಹಿತ್ತಿಲ ಬೇಲಿ ದಾಟಿದರೆ ರಾಗಿಹೊಲ. ಒಂದು ಬೆಳಿಗ್ಗೆ ಹಲ್ಲುಜ್ಜಲು ಹಿತ್ತಿಲಿಗೆ ಹೋದರೆ, ಕುಂಬಳಬಳ್ಳಿಯ ಪಕ್ಕದಲ್ಲಿ ಸಾಕ್ಷಾತ್ ನರಿ! ಓಡಲಿಲ್ಲ. ಹೆದರಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿತ್ತು. ನನ್ನ ಯೋಗ್ಯತೆಯನ್ನು ಗುರುತಿಸಿದ ಮೊದಲ ಮೇಲಧಿಕಾರಿ ಅದೇ ಇರಬೇಕು.

"ಪುಟ್ಟೂ, ಓಡಿ ಬಾರೇ! ಅದೃಷ್ಟ ಹಿತ್ತಿಲಿಗೇ ಬಂದ್ಬುಟ್ಟಿದೆ!" ಎಂದು ಹೆಂಡತಿಯನ್ನು ಕೂಗಿದೆ.

ಅವಳು ಬಾಗಿಲಲ್ಲೇ ನಿಂತಳು. "ಬೆಳಕು ಹರಿದ ಮೇಲೂ ಮನುಷ್ಯರನ್ನ ಕಂಡು ಓಡದ ನರಿ ಎಂಥದ್ರೀ? ಬಾಯಲ್ಲಿ ಜೊಲ್ಲು ಬೇರೆ ಸುರೀತಾ ಇದೆ. ಒಳಗೆ ಬನ್ರೀ!"

"ಪಾಪ, ಹಸಿದಿದೆ ಕಣೇ."

ನಮ್ಮ ನಾಯಿ ಟೈಗರ್ ಒಂದು ಸಲ ಹೊರಗಿಣುಕಿ, ನೇರ ಹೋಗಿ ಮಂಚದ ಕೆಳಗೆ ಸೇರಿಕೊಂಡಿತು. ಅದರ ಹೇಡಿತನಕ್ಕೆ ನಕ್ಕು, ಒಂದು ತಂಗಳು ರೊಟ್ಟಿ ತಂದು, ಅತಿಥಿ ಸತ್ಕಾರಕ್ಕೆ ತಕ್ಕ ವಿನಯದಿಂದ ಬಗ್ಗಿ ನೀಡಿದೆ. ನರಿ ರೊಟ್ಟಿಯನ್ನು ಮೂಸಲೂ ಇಲ್ಲ. ಕೈಯನ್ನೇ ಕಚ್ಚಿತು!

ನನ್ನ ಕಿರುಚಾಟಕ್ಕೆ ಪಕ್ಕದ ಮನೆ ಗೌಡರು ದೊಣ್ಣೆ ಹಿಡಿದು ಬಂದರು. ನರಿ ಹೊಲಕ್ಕೆ ಹಾರಿತು.

"ಅಯ್ಯೋ ಸ್ವಾಮಿ, ಬೋಗಾದಿ ಕಡೆ ಎರಡು ಎಮ್ಮೇನ ಕಚ್ಚಿರೋ ಹುಚ್ಚುನರಿ ಕಣ್ರೀ ಅದು! ಜನ ಬಾಗ್ಲು ಆಕ್ಕೊಂಡು ಕೂತವ್ರೆ, ನೀವು ರೊಟ್ಟಿ ಕೊಡಾಕೆ ಓಗಿದ್ರಾ?"

"ಏನೂ ಆಗಲ್ಲ ಬಿಡಿ, ಸ್ವಲ್ಪ ಸುಣ್ಣ ಹಚ್ಚಿದರೆ..." ಎಂದೆ. ಹೆಂಡತಿ ನನ್ನನ್ನು ಬಚ್ಚಲಿಗೆ ಎಳೆದೊಯ್ದು, ನೀರು ಸುರಿಯುತ್ತ, ಬಟ್ಟೆ ಸೋಪಿನ ಬಿಲ್ಲೆ ಅರ್ಧವಾಗುವವರೆಗೂ ಗಾಯ ತೊಳೆದಳು. ತೊಳೆಯುತ್ತಲೇ ಅಳುತ್ತಿದ್ದಳು. ಆಗ ನನಗೆ ಭಯವಾಯಿತು. ನಾನು ಸತ್ತರೆ ಇವಳ ಗತಿಯೇನು ಎಂದು ಮೊದಲ ಸಲ ಯೋಚಿಸಿದೆ.

ಜಟಕಾ ಹಿಡಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಎಲ್ಲವನ್ನೂ ಕೇಳಿ, ರೊಟ್ಟಿಯ ಭಾಗವನ್ನು ಇನ್ನೊಮ್ಮೆ ಹೇಳಿಸಿದರು.

"ಮನೇಲಿ ನಾಯಿ ಇದೆಯೇ? ಅದಕ್ಕೆ ಸೂಜಿ ಹಾಕಿಸಿದ್ದೀರಾ?"

"ಹೋದ ತಿಂಗಳೇ ಹಾಕಿಸಿದೆ ಡಾಕ್ಟ್ರೇ. ಇವರು ದಂಡ ಅಂದ್ರೂ ಕೇಳಲಿಲ್ಲ," ಎಂದಳು ಹೆಂಡತಿ.

"ಸಂತೋಷ. ಮನೇಲಿ ಬುದ್ಧಿ ಇರೋ ಪ್ರಾಣಿಗೆ ಆಗಿದೆ. ಇನ್ನು ನೀವು ಅಂಗಿ ಎತ್ತಿ."

ಹೊಕ್ಕುಳಿನ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು! ಏಳನೆಯದರ ಹೊತ್ತಿಗೆ ಪಂಚೆ ಬಿಗಿಯಲು ಹೊಟ್ಟೆಯ ಮೇಲೆ ಜಾಗವೇ ಉಳಿದಿರಲಿಲ್ಲ.

ಬದುಕಿದೆ. ಆದರೆ ಕೊನೆಯ ದಿನ ಡಾಕ್ಟರು ನನ್ನ ಹೆಂಡತಿಗೊಂದು ಮಾತು ಹೇಳಿಬಿಟ್ಟರು. "ಕೆಲವು ತಿಂಗಳು ಇವರ ಮೇಲೆ ಕಣ್ಣಿಟ್ಟಿರಿ ತಾಯಿ. ಈ ರೋಗ ಬಂದವರು ಸುಮ್ಮಸುಮ್ಮನೆ ರೇಗುತ್ತಾರೆ, ನೀರು ಕಂಡರೆ ಹೆದರುತ್ತಾರೆ."

ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಕೋಪಕ್ಕೆ ಬೆಲೆಯಿಲ್ಲ. ಸಾರಿಗೆ ಉಪ್ಪಿಲ್ಲವೆಂದು ದನಿ ಏರಿಸಿದರೆ ಹೆಂಡತಿ ವಾದಿಸುವುದಿಲ್ಲ. ಒಂದು ಚೊಂಬು ನೀರು ತಂದು ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಗೋಡೆಯಾಚೆಯಿಂದ ಗೌಡರ ತಲೆ ಮೇಲೇಳುತ್ತದೆ.

"ಕುಡೀತಾವ್ರಾ, ಅಮ್ಮಾ?"

ಚೊಂಬು ಪೂರ್ತಿ ಗಟಗಟನೆ ಕುಡಿದು, ಬೋರಲು ಹಾಕಿ ಇಬ್ಬರಿಗೂ ತೋರಿಸುತ್ತೇನೆ. ಆಮೇಲೆ ಉಪ್ಪಿಲ್ಲದ ಸಾರನ್ನು ಸದ್ದಿಲ್ಲದೆ ಉಣ್ಣುತ್ತೇನೆ.