ಪುಕ್ಕಟೆ ಕೋಡ್ ಮತ್ತು ಸೋದರಮಾವನ ಧೋತರ

ಗುರುತಿಲ್ಲದವರನ್ನು ನಂಬಬೇಡಿ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ನನ್ನ ಹೊಟ್ಟೆಪಾಡು ನಿಂತಿರುವುದೇ ಅಂಥವರ ಮೇಲೆ. ಮರಾಠಿ ನಾಡಿನ ಶಿವಾಜಿನಗರದ ನಮ್ಮ ಆಫೀಸಿನಲ್ಲಿ ಕಾರ್ಖಾನೆಗಳ ಹಾಜರಿಯ ಸಾಫ್ಟ್‌ವೇರ್ ಮಾಡುತ್ತೇವೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು. ಅದರಲ್ಲಿ ನಾವು ಬರೆದದ್ದು ಸ್ವಲ್ಪ. ಉಳಿದದ್ದೆಲ್ಲ ಎಲ್ಲೆಲ್ಲಿಯದೋ ಪುಣ್ಯಾತ್ಮರು ಬರೆದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟದ್ದು. ಬಿಲ್ಡ್, ಅಂದರೆ ಎಲ್ಲವನ್ನೂ ಜೋಡಿಸಿ ಸಾಫ್ಟ್‌ವೇರ್ ಕಟ್ಟುವ ಕೆಲಸ, ಶುರುಮಾಡಿದರೆ ಅವೆಲ್ಲ ತಾವಾಗಿ ಇಳಿದು ಬರುತ್ತವೆ. ಹಾಗೆ ಏರ್ಪಾಡು ಮಾಡಿದವನು ನಾನೇ. ಎಲ್ಲದರ ಒಂದೊಂದು ಪ್ರತಿ ನಮ್ಮಲ್ಲೇ ಇಟ್ಟುಕೊಳ್ಳೋಣ ಎಂದು ಜೊತೆಯ ಸ್ಮಿತಾ ಒಮ್ಮೆ ಹೇಳಿದ್ದಳು. ಓಣಿಗೊಂದು ಕಿರಾಣಿ ಅಂಗಡಿ ಇರುವಾಗ ಮನೆಯಲ್ಲಿ ಕಣಜ ಕಟ್ಟಿಸುತ್ತೀಯಾ ಎಂದು ಕೇಳಿದೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ನನ್ನ ಜಾಣತನಕ್ಕೆ ನಾನೂ ನಕ್ಕೆ.

ಕಳೆದ ತಿಂಗಳು ಧಾರವಾಡದಲ್ಲಿ ಅಕ್ಕನ ಮಗಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅಕ್ಕನ ಒಡಹುಟ್ಟಿದವನು ನಾನೊಬ್ಬನೇ. ಹಿಂದಿನ ಸಂಜೆ ಇಲ್ಲಿನ ಸ್ವಾರಗೇಟ ನಿಲ್ದಾಣದಿಂದ ಬಸ್ಸು, ಬೆಳಗ್ಗೆ ಒಂಬತ್ತಕ್ಕೆ ಮುಹೂರ್ತ. ಹೊರಡುವ ಮೊದಲು ಗಿರಾಕಿಗೆ ಸಾಫ್ಟ್‌ವೇರ್ ಒಪ್ಪಿಸಬೇಕಿತ್ತು. ಮಧ್ಯಾಹ್ನ ಬಿಲ್ಡ್ ನಿಂತಿತು. ತಾರೀಖು ಓದುವ ಅಂಗೈಯಗಲದ ಕೋಡೊಂದನ್ನು ಬರೆದಾತ, ಪುಕ್ಕಟೆ ದುಡಿದು ಸಾಕಾಯಿತೆಂದು ಒಂದು ಸಾಲು ಬರೆದಿಟ್ಟು, ಅದನ್ನು ತೆಗೆದುಹಾಕಿ ಹೋಗಿದ್ದ. ವಿಂಡೋಸ್ ಯಂತ್ರದಲ್ಲಿ ಹಳೆಯ ಪ್ರತಿ ಸಿಕ್ಕಿತು. ಅದು ಅಲ್ಲಿಗಷ್ಟೇ ತಯಾರಾದದ್ದು, ಉಳಿದೆರಡರಲ್ಲಿ ಓಡಲಿಲ್ಲ. ಆ ಅಪರಿಚಿತನನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬೈದೆ. ಇಷ್ಟು ವರ್ಷ ಅವನ ಕೋಡ್ ಉಂಡು ಅವನಿಗೊಂದು ಥ್ಯಾಂಕ್ಸ್ ಬರೆದವನಲ್ಲ ನಾನು. ಸ್ಮಿತಾ ಕುರ್ಚಿ ಎಳೆದುಕೊಂಡು ಆ ಕೋಡನ್ನು ಹೊಸದಾಗಿ ಬರೆಯಲು ಕೂತಳು. ಕಣಜದ ಮಾತೆತ್ತಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಅಕ್ಕನಿಗೆ ಎರಡು ಸಲ ಮೆಸೇಜು ಹಾಕಿದೆ. ಮೂರನೆಯದು ಹಾಕಲು ಮುಖವಿರಲಿಲ್ಲ. ಆ ಕೋಡನ್ನು ನಾವೇ ಬರೆದು ಮೂರೂ ಕಡೆ ಓಡಿಸುವ ಹೊತ್ತಿಗೆ ಮರುದಿನ ಬೆಳಗಿನ ಹತ್ತು ಗಂಟೆ.

ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ವಾಲಗ ಕೇಳುತ್ತಿತ್ತು.

“ಅಕ್ಕಾ, ನನ್ನಿಂದ ಲಗ್ನ ತಡಾ ಆತೇನು?”

“ಯಾಕ ತಡಾ ಆಗ್ತದ? ದೊಡ್ಡಪ್ಪನ ಮಗ ಸುರೇಶಗ ತಿಂಗಳ ಮೊದಲ ಹೇಳಿಟ್ಟಿದ್ದೆ. ಅವಗ ಧೋತರಾನೂ ತಂದಿಟ್ಟಿದ್ದೆ. ನಿನ್ನೊಬ್ಬನ್ನ ನಂಬಿ ಲಗ್ನಾ ಮಾಡ್ಲಿಕ್ಕಾಗ್ತದೇನೋ, ರಾಘು?”

ಅಕ್ಕ ಕಂಪ್ಯೂಟರ್ ಮುಟ್ಟಿದವಳಲ್ಲ, ಆದರೂ ನನ್ನದೊಂದು ಪ್ರತಿ ಇಟ್ಟುಕೊಂಡಿದ್ದಳು. ಸಿಟ್ಟಿನಿಂದ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಊಟ ಮಾಡಿದೆಯಾ ಎಂದು ಕೇಳಿ ಫೋನ್ ಇಟ್ಟಳು. ಸಂಜೆ ಫೋಟೊ ಬಂತು. ಹೊಸ ಧೋತರ ಉಟ್ಟ ಸುರೇಶ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುತ್ತಿದ್ದಾನೆ, ಎಲ್ಲರೂ ನಗುತ್ತಿದ್ದಾರೆ. ಎಷ್ಟು ಹಿಗ್ಗಿಸಿ ನೋಡಿದರೂ, ನಾನಿಲ್ಲ ಎಂಬುದು ಆ ಫೋಟೊದಲ್ಲಿ ಎಲ್ಲಿಯೂ ಗೊತ್ತೇ ಆಗುತ್ತಿಲ್ಲ.